ಭಾವನ ಕಿವಿ ಮತ್ತು ಮುಂದಿನ ಮಾಡೆಲ್

ನಮ್ಮ ಭಾವನ ಮನೆಯಲ್ಲಿ ಅನ್ನ ಆಗಬೇಕಾದರೆ ಮೊದಲು ಕಂಪ್ಯೂಟರನ್ನು ಎಬ್ಬಿಸಬೇಕು!

ತಮಾಷೆಗೆ ಹೇಳುತ್ತಿಲ್ಲ ಮಾರಾಯರೇ. ಆ ಮನೆಯ ಲ್ಯಾಪ್‌ಟಾಪ್ ಮಲಗುವುದು ಅಕ್ಕಿ ಡ್ರಮ್ಮಿನಲ್ಲಿ. ಬೆಳಿಗ್ಗೆ ನನ್ನ ಅಕ್ಕ ಡ್ರಮ್ಮಿನ ಮುಚ್ಚಳ ತೆಗೆದು, ಲ್ಯಾಪ್‌ಟಾಪನ್ನು ಎರಡು ಕೈಯಲ್ಲಿ ಎತ್ತಿ, ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟು, ಆಮೇಲೆ ಎರಡು ಲೋಟ ಅಕ್ಕಿ ತೆಗೆಯುತ್ತಾಳೆ. ಕೆಲವು ಸಲ ಲೋಟದಲ್ಲಿ ಮೌಸ್ ಬರುತ್ತದೆ.

ಇದಕ್ಕೆ ಭಾವನ ಹತ್ತಿರ ಕಾರಣ ಉಂಟು. ಅವರ ಮನೆ ಇರುವುದು ಕಾಪುವಿನಲ್ಲಿ, ಕಡಲು ಕೂಗಿದರೆ ಕೇಳುವಷ್ಟು ಹತ್ತಿರ. (ಅಂದರೆ ನಮಗೆ ಕೇಳುವಷ್ಟು. ಭಾವನ ವಿಷಯ ಬೇರೆ, ಅದಕ್ಕೆ ಬರುತ್ತೇನೆ.) ಅಲ್ಲಿ ಕಿಟಕಿಯ ಸರಳಿನಿಂದ ಹಿಡಿದು ಅಕ್ಕನ ಸೇಫ್ಟಿ ಪಿನ್ನಿನವರೆಗೆ ಎಲ್ಲವೂ ತುಕ್ಕು. "ವೈರಸ್ ವೈರಸ್ ಅಂತ ಪೇಪರಿನವರು ಬರೀತಾರೆ. ವೈರಸ್ ಅಂದರೆ ಎಂತ ಅಂದುಕೊಂಡಿದ್ದಿ ನೀನು? ಈ ಉಪ್ಪುಗಾಳಿಯೇ ವೈರಸ್! ಅಕ್ಕಿಯೇ ಅದಕ್ಕೆ ಮದ್ದು!" ಎನ್ನುತ್ತಾರೆ ಭಾವ. ಯಾವ ಅಕ್ಕಿ ಅನ್ನುವುದರಲ್ಲೂ ಲೆಕ್ಕಾಚಾರ ಉಂಟು. ಲ್ಯಾಪ್‌ಟಾಪಿಗೆ, ಮೊಬೈಲಿಗೆ ಬೆಳ್ಳಗಿನ ಬೆಳ್ತಿಗೆ ಅಕ್ಕಿ. ಸ್ಪೀಕರು, ಚಾರ್ಜರು ಮುಂತಾದ ಒರಟು ಜಾತಿಗೆ ಕುಚ್ಚಲಕ್ಕಿ. ಒಮ್ಮೆ ಅಕ್ಕ ಅವಸರದಲ್ಲಿ ಅದಲುಬದಲು ಮಾಡಿದ್ದಕ್ಕೆ ಲ್ಯಾಪ್‌ಟಾಪ್ ಮೂರು ದಿನ ನಿಧಾನ ಆಯಿತಂತೆ! "ಕುಚ್ಚಲಕ್ಕಿ ಗಂಜಿ ಉಂಡವರಿಗೆ ನಿದ್ದೆ ಬರುವುದಿಲ್ವಾ? ಹಾಗೆಯೇ ಇದು" ಎಂದು ನನಗೆ ವಿವರಿಸಿದರು. ನಾನು ದಿನಾ ಗಂಜಿ ಉಂಡು ಸಂಜೆಯವರೆಗೆ ಮೊಣಕಾಲೂರಿ ಕೆಲಸ ಮಾಡುವ ಮನುಷ್ಯ. ಆದರೂ ತಲೆಯಾಡಿಸಿದೆ. ಭಾವ ಅಲ್ವಾ?

ನನ್ನದು ಪರ್ಕಳದಲ್ಲಿ ಟೈಲ್ಸ್ ಹಾಕುವ ಕೆಲಸ. ಶಾಲೆ ಬಿಟ್ಟದ್ದು ಆರನೇ ಕ್ಲಾಸಿನಲ್ಲಿ. ಅದಕ್ಕೆ ಬೇಸರ ಇಲ್ಲ. ಮಣಿಪಾಲದ ಎಷ್ಟೋ ದೊಡ್ಡ ದೊಡ್ಡ ಡಾಕ್ಟರುಗಳು ಬೆಳಿಗ್ಗೆ ಎದ್ದು ಮೊದಲು ಕಾಲಿಡುವುದು ನಾನು ಹಾಕಿದ ನೆಲದ ಮೇಲೆ. ಒಂದೇ ಒಂದು ಟೈಲ್ ಎದ್ದು ಬಂದ ದೂರು ಇವತ್ತಿನವರೆಗೆ ಇಲ್ಲ. ಓದು ಅಷ್ಟೇ ಆದ್ದರಿಂದ ಕಂಪ್ಯೂಟರಿನ ವಿಷಯದಲ್ಲಿ ಭಾವ ಹೇಳಿದ್ದು ಸರಿಯೋ ತಪ್ಪೋ ನಾನು ಹೇಳಲಾರೆ. ಆದರೆ ಅವರು ಲ್ಯಾಪ್‌ಟಾಪ್ ಕೊಳ್ಳುವ ರೀತಿ ಮಾತ್ರ ಸರಿ ಇರಲಿಲ್ಲ ಅಂತ ಎಲ್ಲಿ ಬೇಕಾದರೂ ಹೇಳುತ್ತೇನೆ!

ಉಡುಪಿಯ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಗಾಜಿನ ಬಾಗಿಲು, ಏಸಿ, ಟೈ ಕಟ್ಟಿದ ಹುಡುಗಿ. ಆಕೆ ಏನೇನೋ ಹೇಳುತ್ತಿದ್ದರೆ ಭಾವ ಲ್ಯಾಪ್‌ಟಾಪನ್ನು ಎತ್ತಿ, ಮಗುಚಿ, ಅದರ ಬದಿಯಲ್ಲಿ ಗಾಳಿ ಬರುವ ಸಣ್ಣ ಸಣ್ಣ ಕಿಂಡಿಗೆ ಮೂಗು ಹಚ್ಚಿ ಉಸಿರೆಳೆದರು. ಇನ್ನೊಂದು ಎತ್ತಿದರು, ಮೂಸಿದರು. ಮೂರನೆಯದನ್ನು ಬೆರಳಿನಿಂದ ಒತ್ತಿ ನೋಡಿದರು.

"ಸರ್, ಎಂತ ನೋಡ್ತಾ ಇದ್ದೀರಿ?" ಎಂದಳು ಹುಡುಗಿ.

"ಫ್ರೆಶ್ ಉಂಟಾ ಅಂತ."

ಬಂಗುಡೆ ಮೀನಿನ ಕಿವಿರು ಎತ್ತಿ ನೋಡುವುದುಂಟು, ಕಣ್ಣು ಕೆಂಪಾಗಿದೆಯಾ ನೋಡುವುದುಂಟು, ಸರಿ. ಭಾವ ಮೂವತ್ತು ವರ್ಷ ಉಚ್ಚಿಲದ ಹತ್ತಿರದ ಒಂದು ಐಸ್ ಪ್ಲಾಂಟಿನಲ್ಲಿ ಮಿಷನ್ ನೋಡಿಕೊಂಡಿದ್ದವರು. ಬೋಟಿನವರು ಐಸಿಗೆ ಬಂದಾಗ ಮೀನು ನೋಡಿ ನೋಡಿ ಅಭ್ಯಾಸ. "ಹೊಸ ಕಂಪ್ಯೂಟರಿಗೆ ಒಂದು ವಾಸನೆ ಉಂಟು. ಅದು ಹೋಗಿದ್ದರೆ ಹಳೇ ಸ್ಟಾಕ್" ಎಂದು ತೀರ್ಪು ಕೊಟ್ಟು, ಕೊನೆಗೆ ಏನೂ ಕೊಳ್ಳದೆ ಹೊರಗೆ ಬಂದರು. ಯಾಕೆ? ಮುಂದಿನ ಮಾಡೆಲ್ ಬರುತ್ತದೆ! ಈಗ ಮನೆಯಲ್ಲಿರುವುದು ಕಾರ್ಕಳದಲ್ಲಿ ಬಾಗಿಲು ಹಾಕಿದ ಒಂದು ಸೈಬರ್ ಸೆಂಟರಿನಿಂದ ತಂದದ್ದು. ಮುಂದಿನ ಮಾಡೆಲ್ ಬರುವವರೆಗೆ ತಾತ್ಕಾಲಿಕ. ತಂದು ಎಂಟು ವರ್ಷ ಆಯಿತು.

ಆಮೇಲೆ ಮಾತಾಡುವ ಡಬ್ಬಿ ಬಂತು. ಲೈಟ್ ಹಾಕು ಅಂದರೆ ಹಾಕುವ, ಇವತ್ತು ಮಳೆ ಉಂಟಾ ಅಂದರೆ ಉತ್ತರ ಹೇಳುವ ಜಾತಿಯದ್ದು. ಒಂದು ಭಾನುವಾರ ನಾನು ಹೋದಾಗ ಭಾವ ಅದರ ಎದುರು ಕುಳಿತು ಜಗಳ ಮಾಡುತ್ತಿದ್ದರು.

"ನೋಡು ಮಾರಾಯ, ಇದಕ್ಕೆ ಎಷ್ಟು ಅಹಂಕಾರ! ಹತ್ತು ಸಲ ಕೇಳಿದೆ. ಒಂದು ಉತ್ತರ ಇಲ್ಲ!"

ಆ ಬಡ ಡಬ್ಬಿ ಗಂಟಲು ಹರಿಯುವ ಹಾಗೆ ಉತ್ತರ ಕೊಡುತ್ತಿತ್ತು. ಅದರ ಸದ್ದಿಗೆ ಅಂಗಳದ ಕೋಳಿ ಓಡಿಹೋಗಿತ್ತು. ನಾನು ಅಕ್ಕನ ಮುಖ ನೋಡಿದೆ. ಅಕ್ಕ ನನ್ನ ಮುಖ ನೋಡಿದಳು. "ಎರಡು ವರ್ಷದಿಂದ ಹೀಗೆಯೇ ತಮ್ಮ" ಎಂದಳು, ಅವರ ಎದುರೇ, ಮಾಮೂಲಿ ಸ್ವರದಲ್ಲಿ. ಭಾವ ಡಬ್ಬಿಯನ್ನು ಬೈಯುತ್ತಲೇ ಇದ್ದರು.

ಮೂವತ್ತು ವರ್ಷ ಆ ಐಸ್ ಪ್ಲಾಂಟಿನ ಕಂಪ್ರೆಸರ್ ಪಕ್ಕ ನಿಂತ ಕಿವಿ. ಇನ್ನೆಷ್ಟು ಬಾಳೀತು? ಕಿವಿಗೆ ಹಾಕುವ ಮಿಷನ್ ತೆಗೆದುಕೊಳ್ಳುವ ಎಂದು ಅಕ್ಕ ಕೂಗಿ ಹೇಳಿದಳು, ನಾನು ಕೂಗಿ ಹೇಳಿದೆ. ಮನೆ ತುಂಬ ಮಿಷನ್ ತುಂಬಿದ ಮನುಷ್ಯ ಇದೊಂದಕ್ಕೆ ಮಾತ್ರ ಅಡ್ಡ ತಲೆಯಾಡಿಸಿದರು. "ಅದು ಹಳೇ ಟೆಕ್ನಾಲಜಿ. ಮುಂದಿನ ವರ್ಷ ಹೊಸ ಮಾಡೆಲ್ ಬರುತ್ತದೆ, ಆಗ ನೋಡುವ."

ಅಷ್ಟಕ್ಕೆ ಸುಮ್ಮನಿದ್ದರೆ ಭಾವ ಅನ್ನಿಸಿಕೊಳ್ಳುವುದು ಹೇಗೆ? ಸಭೆಗಳಲ್ಲಿ ಅಂಗಿಗೆ ಸಿಕ್ಕಿಸಿಕೊಳ್ಳುವ ಕಾಲರ್ ಮೈಕ್ ಒಂದನ್ನು ತಂದರು. ಅದನ್ನು ಅಕ್ಕನ ಕೊರಳಿಗೆ, ಕರಿಮಣಿಯ ಪಕ್ಕ ಸಿಕ್ಕಿಸಿದರು. ಸ್ವರ ಹಿಡಿಯುವ ರಿಸೀವರನ್ನು ಚಾವಡಿಯಲ್ಲಿದ್ದ ದೊಡ್ಡ ಸೌಂಡ್ ಬಾಕ್ಸಿಗೆ ಚುಚ್ಚಿದರು. ಇನ್ನು ಅಕ್ಕ ಅಡುಗೆಮನೆಯಲ್ಲಿ "ಚಾ ಆಯ್ತು" ಅಂದರೆ ಚಾವಡಿಯಲ್ಲಿ ಗುಡುಗು! ಭಾವನಿಗೆ ಅಲ್ಪಸ್ವಲ್ಪ ಕೇಳುತ್ತಿತ್ತು. ಉಳಿದದ್ದು ರಸ್ತೆಯಲ್ಲಿ ಹೋಗುವವರಿಗೆ ಕೇಳುತ್ತಿತ್ತು. "ಚಾ ಆಯ್ತಂತೆ, ನಾವೂ ಬರುವುದಾ?" ಎಂದು ರಿಕ್ಷಾದವರು ಕೇಳಿದ್ದುಂಟು.

"ಅನುಕೂಲ ಆಯ್ತಲ್ಲ?" ಎಂದು ಭಾವ ಎದೆ ಉಬ್ಬಿಸಿ ಕೇಳಿದರು.

"ಆಯ್ತು ಆಯ್ತು" ಎಂದಳು ಅಕ್ಕ. ನನ್ನ ಹತ್ತಿರ ಮಾತ್ರ ಮೈಕನ್ನು ಕೈಯಲ್ಲಿ ಮುಚ್ಚಿ ಹೇಳಿದಳು: "ಭಾಷಣ ಮಾಡಿದ ಹಾಗೆ ಗಂಡನ ಹತ್ತಿರ ಎಂತ ಮಾತಾಡುವುದು ಮಾರಾಯ?"

ಹೀಗಿರುವಾಗ ಪಕ್ಕದ ಮನೆಯ ಬಾಯಮ್ಮನ ಮಗಳ ಮದುವೆ ಬಂತು. ಅವರು ಕ್ರಿಶ್ಚಿಯನ್ನರು. ಮದುವೆಯ ಹಿಂದಿನ ಸಂಜೆ ಅವರಲ್ಲಿ ರೋಸ್ ಎಂಬ ಶಾಸ್ತ್ರ. ಮದುಮಗಳನ್ನು ಕೂರಿಸಿ ಎಲ್ಲರೂ ಸಾಲಾಗಿ ಬಂದು ತೆಂಗಿನ ಹಾಲು ಹಚ್ಚುತ್ತಾರೆ. ಹಾಡು, ಕುಣಿತ, ನೆಂಟರ ಗದ್ದಲ. ಬಾಯಮ್ಮ ಸೌಂಡ್ ಬಾಕ್ಸ್ ಕೇಳಿದರು. ಕೇಳುವುದೇ ಬೇಡ, ಭಾವ ತಾವೇ ಹೊತ್ತುಕೊಂಡು ಹೋಗಿ, ತಾವೇ ವಯರ್ ಎಳೆದು, ಅಂಗಳದ ಮಧ್ಯ ನಿಲ್ಲಿಸಿ, ಪಕ್ಕದಲ್ಲಿ ಬಿಳಿ ಪಂಚೆ ಉಟ್ಟು ನಿಂತರು. ಎಲ್ಲ ಮಾಡಿದರು, ಒಂದು ಮರೆತರು. ಬಾಕ್ಸಿನ ಹಿಂದೆ ಚುಚ್ಚಿದ್ದ ಆ ರಿಸೀವರನ್ನು ತೆಗೆಯಲಿಲ್ಲ. ಅಕ್ಕ ಕೈಕೆಲಸ ಮುಗಿಸಿ ಬರುತ್ತೇನೆಂದು ಮನೆಯಲ್ಲೇ ಇದ್ದಳು. ಕೊರಳಲ್ಲಿ ಮೈಕ್ ಇದ್ದದ್ದು ಅವಳಿಗೂ ನೆನಪಿಲ್ಲ. ಕರಿಮಣಿ ಇರುವುದು ಯಾರಿಗೆ ನೆನಪಿರುತ್ತದೆ?

ಪ್ರಾರ್ಥನೆಗೆಂದು ಹಾಡು ನಿಲ್ಲಿಸಿದರು. ಇನ್ನೂರು ಜನ ತಲೆ ತಗ್ಗಿಸಿ ನಿಂತರು. ನಾನೂ ನಿಂತೆ. ಆಗ ಬಾಕ್ಸಿನಿಂದ ಅಕ್ಕನ ಸ್ವರ ಬಂತು.

"ಈ ಬಾಯಮ್ಮ ಕಳೆದ ಕ್ರಿಸ್ಮಸ್ಸಿಗೆ ಕೊಂಡುಹೋದ ನನ್ನ ಇಡ್ಲಿ ಪಾತ್ರೆ ಇನ್ನೂ ತಂದುಕೊಡಲಿಲ್ಲ. ನಾಳೆ ಅದನ್ನೇ ಮಗಳಿಗೆ ಕೊಟ್ಟು ಕಳಿಸುತ್ತಾಳೋ ಎಂತದೋ!"

ಅಂಗಳಕ್ಕೆ ಅಂಗಳವೇ ನಕ್ಕಿತು! ಮದುಮಗಳು ನಕ್ಕ ರಭಸಕ್ಕೆ ಮುಖದ ತೆಂಗಿನ ಹಾಲು ಸೀರೆಗೆ ಇಳಿಯಿತು. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಬಾಯಮ್ಮನೇ. "ಅಯ್ಯೋ ದೇವರೇ, ಹೌದು, ಅಟ್ಟದಲ್ಲಿ ಉಂಟು!" ಎಂದರು.

ನಾನು ಹಾರಿ ಹೋಗಿ ವಯರ್ ಕೀಳಬೇಕಿತ್ತು. ನಗು ಹಿಡಿಯಲಿಕ್ಕೆ ಆಗದೆ ನಿಂತೆ. ಅಷ್ಟರಲ್ಲಿ ಅಕ್ಕನ ಸ್ವರ ಮತ್ತೆ ಬಂತು, ಈ ಸಲ ಮೆಲ್ಲಗೆ. ಬೆಕ್ಕಿನ ಹತ್ತಿರ ಮಾತಾಡುತ್ತಿದ್ದಳೆಂದು ಕಾಣುತ್ತದೆ. ನಮ್ಮ ನಗುವನ್ನು ಮದುವೆಮನೆಯ ಗದ್ದಲ ಅಂದುಕೊಂಡಿರಬೇಕು.

"ನಿನಗಾದರೂ ಕೇಳ್ತದಲ್ಲ, ಪುಣ್ಯಾತ್ಮ. ಎರಡು ವರ್ಷ ಆಯ್ತು, ಇವರ ಹತ್ತಿರ ಒಂದು ಮಾತು ಮೆಲ್ಲ ಆಡಿ. ಬೊಬ್ಬೆ ಹಾಕಿ ಹೇಳುವಂಥದ್ದು ಮಾತ್ರ ಹೇಳುವುದು. ಊಟಕ್ಕೆ ಬನ್ನಿ, ಗ್ಯಾಸಿನವ ಬಂದ. ಬೊಬ್ಬೆ ಹಾಕಿ ಹೇಳಲಿಕ್ಕೆ ಆಗದ್ದೆಲ್ಲ ನನ್ನ ಹೊಟ್ಟೆಯಲ್ಲೇ ಉಂಟು."

ಯಾರೂ ನಗಲಿಲ್ಲ. ಬಾಯಮ್ಮ ಕಣ್ಣಿಗೆ ಸೆರಗು ಹಚ್ಚಿದರು. ಭಾವ ಬಾಕ್ಸಿಗೆ ಕೈಯೂರಿ ನಿಂತವರು ಸುತ್ತ ನೋಡಿದರು.

"ಎಂತ? ಎಲ್ಲ ಸುಮ್ಮನಾದಿರಿ? ಬಾಕ್ಸ್ ಹಾಳಾಯ್ತಾ?" ಎಂದು ಅದರ ತಲೆಗೆ ಎರಡು ಬಡಿದರು.

ಆ ಸಂಜೆ ನಾನು ಅಕ್ಕನಿಗೆ ಏನೂ ಹೇಳಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗದೆ ನನ್ನ ಪಿಕಪ್ ಗಾಡಿಯನ್ನು ನೇರ ಕಾಪುವಿಗೆ ಬಿಟ್ಟೆ. ಭಾವನನ್ನು ಅಂಗಳಕ್ಕೆ ಕರೆದು, ಟೈಲ್ಸಿನ ರಟ್ಟು ಹರಿದು, ಅಳತೆ ಗುರುತು ಹಾಕುವ ಪೆನ್ಸಿಲಿನಿಂದ ಅಕ್ಕನ ಮಾತನ್ನು ಅವಳು ಆಡಿದ ಹಾಗೆಯೇ ಬರೆದುಕೊಟ್ಟೆ. ಅಷ್ಟು ಉದ್ದ ನಾನು ಬರೆದದ್ದು ಶಾಲೆ ಬಿಟ್ಟ ಮೇಲೆ ಅದೇ ಮೊದಲು. ಭಾವ ಕನ್ನಡಕ ಹಾಕಿ ಓದಿದರು. ಇನ್ನೊಮ್ಮೆ ಓದಿದರು.

"ಇದನ್ನು ಎಷ್ಟು ಜನ ಕೇಳಿದರು?"

ನಾನು ರಟ್ಟಿನ ಮೇಲೆ 200 ಎಂದು ಬರೆದೆ.

"ನಾನೊಬ್ಬ ಬಿಟ್ಟು" ಎಂದರು ಅವರೇ. ರಟ್ಟನ್ನು ಮಡಚಿ ಕಿಸೆಗೆ ಹಾಕಿ, "ಉಳಿದ ಮಿಷನ್ ಹಾಳಾದರೆ ನಾನು ರಿಪೇರಿ ಮಾಡುತ್ತೇನೆ ಮಾರಾಯ. ಈ ಕಿವಿಯ ಮಿಷನ್ ನನ್ನನ್ನು ರಿಪೇರಿ ಮಾಡ್ತದಂತೆ. ಅದು ಒಂಥರಾ ಆಯ್ತು ನನಗೆ, ಅದಕ್ಕೇ ಬೇಡ ಅಂದದ್ದು" ಎಂದರು. ಆಮೇಲೆ ಹೋಗಿ ಪಿಕಪ್ಪಿನಲ್ಲಿ ಕುಳಿತರು.

ಮಣಿಪಾಲದಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿ ಬಹಳ ತಾಳ್ಮೆಯವಳು. ತಾಳ್ಮೆ ಇಲ್ಲದಿದ್ದರೆ ಆವತ್ತೇ ಕೆಲಸ ಬಿಡುತ್ತಿದ್ದಳು. ಭಾವ ಆ ಕಡಲೆಬೀಜದಷ್ಟಿದ್ದ ಮಿಷನನ್ನು ಕೈಗೆ ತೆಗೆದುಕೊಂಡು ಮೊದಲು ಮೂಸಿದರು! ಇದರ ಮೆಮೊರಿ ಎಷ್ಟು, ಬ್ಯಾಟರಿ ಯಾವ ದೇಶದ್ದು, ಮುಂದಿನ ಮಾಡೆಲ್ ಯಾವಾಗ ಎಂದು ಸಾಲಾಗಿ ಕೇಳಿದರು. ಆಕೆ ಉತ್ತರಗಳನ್ನು ಕಾಗದದಲ್ಲಿ ಬರೆದು ಬರೆದು ತೋರಿಸಿದಳು.

"ಉಪ್ಪುಗಾಳಿಗೆ ಎಂತ ಮಾಡುವುದು?"

ಆಕೆ ಒಂದು ಪುಟ್ಟ ಡಬ್ಬಿ ಮುಂದಿಟ್ಟಳು. ಒಳಗೆ ಸಣ್ಣ ಸಣ್ಣ ಬಿಳಿ ಕಾಳು. ದಿನಾ ಮಲಗುವ ಮೊದಲು ಮಿಷನನ್ನು ಇದರಲ್ಲಿಡಬೇಕು, ತೇವ ಎಳೆಯುತ್ತದೆ ಎಂದು ಬರೆದಳು.

ಭಾವ ಕುರ್ಚಿಯಿಂದ ಎದ್ದೇ ನಿಂತರು. "ನೋಡಿದ್ಯಾ! ನಾನು ಎಷ್ಟು ವರ್ಷದಿಂದ ಹೇಳುತ್ತಾ ಇದ್ದೇನೆ! ಬೆಳ್ತಿಗೆ!"

ಆ ಸಂತೋಷದಲ್ಲಿಯೇ ಕಿವಿ ಕೊಟ್ಟರು. ಮಿಷನ್ ಹಾಕಿಸಿಕೊಂಡು ಹೊರಟೆವು. ಪಿಕಪ್ಪಿನಲ್ಲಿ ಒಮ್ಮೆ ಮಾತ್ರ, "ನಿನ್ನ ಗಾಡಿಯಲ್ಲಿ ಎಂತದೋ ಟಿಕ್ ಟಿಕ್ ಅಂತ ಉಂಟು, ಗ್ಯಾರೇಜಿಗೆ ತೋರಿಸು" ಎಂದರು. ಅದು ಇಂಡಿಕೇಟರ್ ಭಾವ ಎಂದೆ. "ಓ, ಅದಕ್ಕೆ ಸದ್ದು ಉಂಟಾ" ಎಂದು ಕಾಪು ಬರುವವರೆಗೆ ಹೊರಗೆ ನೋಡುತ್ತ ಕುಳಿತರು.

ಅಕ್ಕ ಮೆಟ್ಟಿಲಲ್ಲಿ ನಿಂತಿದ್ದಳು. ನಮ್ಮನ್ನು ಕಂಡವಳೇ ಎರಡು ವರ್ಷದ ಅಭ್ಯಾಸದಂತೆ ಕುತ್ತಿಗೆಯ ನರ ಉಬ್ಬಿಸಿ ಕೂಗಿದಳು: "ಊಟ ಆಯ್ತಾಆಆ?"

ಭಾವ ಬೆಚ್ಚಿಬಿದ್ದು ಕಿವಿ ಮುಚ್ಚಿಕೊಂಡರು. ಆಮೇಲೆ ಕೈ ತೆಗೆದು ಹೇಳಿದರು: "ಮೆಲ್ಲ ಮಾರಾಯ್ತಿ. ನಾನು ಇಲ್ಲೇ ಇದ್ದೇನಲ್ಲ."

ಅಕ್ಕ ಬಾಯಿ ತೆರೆದಳು. ಮೆಲ್ಲಗೆ ಮಾತಾಡುವುದು ಹೇಗೆಂದು ಮರೆತವಳಂತೆ ನಿಂತಳು. ಮತ್ತೆ ಅಲ್ಲೇ ಮೆಟ್ಟಿಲಲ್ಲಿ ಕುಳಿತಳು. ಭಾವ ಪಕ್ಕದಲ್ಲಿ ಕುಳಿತರು. ಅಕ್ಕ ನೆಲ ನೋಡುತ್ತ ಶುರು ಮಾಡಿದಳು.

"ಹೋದ ಮಳೆಗಾಲದಲ್ಲಿ ನನಗೆ ಎದೆಯಲ್ಲಿ ಒಂದು ಗಂಟು ಕಂಡಿತ್ತು. ನಾನೊಬ್ಬಳೇ ಹೋಗಿ ತೋರಿಸಿದೆ. ರಿಪೋರ್ಟ್ ಬರಲಿಕ್ಕೆ ಹತ್ತು ದಿನ. ಎಂತ ಇಲ್ಲ ಅಂದರು, ಈಗ ಹೆದರಬೇಡಿ. ಆದರೆ ಆ ಹತ್ತು ದಿನ... ಅದನ್ನು ನಿಮಗೆ ಬೊಬ್ಬೆ ಹಾಕಿ ಹೇಳುವುದು ಹೇಗೆ?"

ಇದು ನನಗೂ ಗೊತ್ತಿರಲಿಲ್ಲ. ಭಾವ ಅವಳ ಹತ್ತಿರ ಸರಿದರು. ತಲೆಯನ್ನು ಸ್ವಲ್ಪ ಅವಳ ಕಡೆಗೆ ವಾಲಿಸಿ, "ಮತ್ತೆ?" ಎಂದರು.

ಅಕ್ಕ ಮತ್ತೊಂದು ಹೇಳಿದಳು. "ಮತ್ತೆ?" ಎಂದರು. ಇನ್ನೊಂದು ಹೇಳಿದಳು.

ನಾನು ಸದ್ದಾಗದಂತೆ ಹೋಗಿ ಪಿಕಪ್ಪಿನಲ್ಲಿ ಕುಳಿತೆ. ಪರ್ಕಳದಲ್ಲಿ ಒಂದು ಬಾತ್ರೂಮಿನ ಗೋಡೆ ಅರ್ಧಕ್ಕೆ ನಿಂತಿತ್ತು, ಮನೆಯವರು ಮೂರು ಸಲ ಫೋನ್ ಮಾಡಿದ್ದರು. ಆದರೆ ಗಾಡಿ ಸ್ಟಾರ್ಟ್ ಮಾಡಿದರೆ ಆ ಸದ್ದಿಗೆ ಅಕ್ಕನ ಮಾತು ತುಂಡಾಗುತ್ತದಲ್ಲ? ಕೀಲಿಕೈ ಕೈಯಲ್ಲೇ ಹಿಡಿದು, ಅವಳ ಮಾತು ಮುಗಿಯುವವರೆಗೆ ಕುಳಿತೆ. ಮುಗಿಯುವಾಗ ಬಿಸಿಲು ಅಂಗಳ ದಾಟಿತ್ತು.