ತೊಟ್ಟಿಲ ಮೇಸ್ತ್ರಿಯ ಏಳು ಪೂಲ್ ಕೋಲು

ಕೈಯಲ್ಲಿ ಏನಾದರೂ ಉದ್ದನೆಯದು ಹಿಡಿದು ನಮ್ಮ ಕಡೆ ನಾಲ್ಕು ಹೆಜ್ಜೆ ನಡೆದು ನೋಡಿ, ಯಾರಾದರೊಬ್ಬರು ತಡೆದು ಕೇಳಿಯೇ ಕೇಳುತ್ತಾರೆ. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿ ಅಣ್ಣಿಗೇರಿ, ನವಲಗುಂದ, ಕುಂದಗೋಳ ಸುತ್ತಿದವನು ನಾನು. ಆಗೆಲ್ಲ ಕೇಳುವವನು ನಾನು, ಹೇಳುವವರು ಅವರು. ರಿಟೈರ್ ಆದಮೇಲೆ ಪಾಳಿ ಬದಲಾಯಿತು. ಕಾರಣ ಪೂಲ್ ಕೋಲು.

ಹಸಿರು ಬಟ್ಟೆಯ ಮೇಜಿನ ಮೇಲೆ ಬಣ್ಣದ ಗುಂಡುಗಳನ್ನು ಕೋಲಿನಿಂದ ಹೊಡೆದು ತೂತಿಗೆ ಬೀಳಿಸುತ್ತಾರಲ್ಲ, ಆ ಆಟದ ಅಂಗಡಿಯನ್ನು ಒಬ್ಬರು ಕಲಘಟಗಿಯಲ್ಲಿ ತೆರೆದಿದ್ದರು. ಹೊರಗಿನಿಂದ ತರಿಸಿದ ಕೋಲುಗಳು ಒಂದೇ ಮಳೆಗಾಲಕ್ಕೆ ಸೊಟ್ಟಗಾದವು. ಅವರು ನೇರ ಹೋದದ್ದು ತೊಟ್ಟಿಲ ಮೇಸ್ತ್ರಿಯ ಮನೆಗೆ. ಸುತ್ತಲ ಹತ್ತು ಊರಿನ ಬಾಣಂತಿಯರ ಮನೆಯಲ್ಲಿ ಹೆಸರು ಮಾಡಿದ ಕೈ ಅದು. ಆ ಕೈ ಸಾಗವಾನಿಯಲ್ಲಿ ಏಳೇ ಏಳು ಕೋಲು ಕಡೆಯಿತು. ಹಿಡಿಕೆಗೆ ತೊಟ್ಟಿಲಿಗೆ ಹಚ್ಚುವ ಅರಗಿನ ಕೆಂಪು, ಹಳದಿ, ನಡುವೆ ಕೂದಲೆಳೆಯಷ್ಟು ಹಸಿರು ಗೆರೆ. ಮುಂದೆ ಅಂಗಡಿ ಮುಚ್ಚಿತು, ಕೋಲುಗಳು ದಿಕ್ಕಾಪಾಲಾದವು. ಮೇಸ್ತ್ರಿಗೆ ಮಣಿಕಟ್ಟಿನ ನೋವು, ಎಂಟನೆಯದು ಹುಟ್ಟುವುದಿಲ್ಲ.

ಏಳನ್ನೂ ಒಂದೇ ಕಡೆ ಕೂಡಿಸಬೇಕೆಂದು ನಾನು ಹೊರಟೆ. ಈ ಭೂಮಂಡಲದಲ್ಲಿ ಇಂಥ ಸಂಗ್ರಹ ಇರುವುದು ನನ್ನೊಬ್ಬನ ಹತ್ತಿರ. "ಮತ್ತ್ಯಾರಿಗೂ ಬ್ಯಾಡಾಗಿತ್ತು" ಎಂದು ನಮ್ಮ ಮನೆಯವಳು ಬಾಲ ಸೇರಿಸುತ್ತಾಳೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಹೊಗಳಿ ಕೆಟ್ಟದ್ದು

ತಿರ್ಲಾಪುರದ ರೈತನೊಬ್ಬ ಚೀಲಕ್ಕೆ ಹತ್ತಿ ತುಂಬಿ ಕೋಲಿನಿಂದ ಒತ್ತುತ್ತಿದ್ದ. ನೋಡುತ್ತೇನೆ, ಕೆಂಪು, ಹಳದಿ, ಹಸಿರು ಗೆರೆ! ನನ್ನ ಎದೆ ಒಡೆಯಿತು.

"ಯಪ್ಪಾ, ನಿಂದರು! ಇದು ಎಂಥಾ ದೊಡ್ಡವರ ಕೈಕೆಲಸ ಗೊತ್ತೈತೇನು? ಇಂಥಾವು ಜಗತ್ತಿನ್ಯಾಗ ಏಳ ಅದಾವ!"

ಅವನು ಒತ್ತುವುದನ್ನು ನಿಲ್ಲಿಸಿದ. ಕೋಲನ್ನು ಪಂಜೆಯಿಂದ ಒರೆಸಿದ. "ಹೌದೇನ್ರಿ? ಅಂದ್ರ ಇನ್ನ ಮ್ಯಾಲ ದೇವರ ಕ್ವಾಣ್ಯಾಗ ಇಡ್ತೀನ್ರಿ" ಎಂದು ಒಳಗೆ ಹೋದ.

ಪಾಠ ಕಲಿತೆ. ಆಮೇಲೆ ಮೂರು ತಿಂಗಳು ಆ ದಾರಿಯಲ್ಲಿ ಹೋದಾಗಲೆಲ್ಲ ಕೋಲನ್ನು ಬೈದೆ. ತೂಕ ಸರಿಯಿಲ್ಲ ಎಂದೆ, ಬಣ್ಣ ಕಳೆಗುಂದಿದೆ ಎಂದೆ, ಹುಳ ಹಿಡಿಯುವ ಜಾತಿಯ ಕಟ್ಟಿಗೆ ಎಂದೆ. ಕೊನೆಗೊಂದು ದಿನ ಅವನೇ ತಂದು ಕೈಗಿಟ್ಟ.

"ತಗೋರಿ ಕಾಕಾ. ಇಷ್ಟ ಕೆಟ್ಟ ಕೋಲಿಗೆ ಇಷ್ಟ ಸಲ ಬಂದು ಹೋದ್ರಿ. ಚಲೋದಿದ್ರ ಇಲ್ಲೇ ಮನಿ ಕಟ್ಟತಿದ್ರಿ."

ಶಲವಡಿಯ ಕೂಸು

ಇನ್ನೊಂದು ಶಲವಡಿಯ ಒಂದು ಮನೆಯಲ್ಲಿತ್ತು. ಅವರದು ಅದೇ ಮೇಸ್ತ್ರಿಯ ತೊಟ್ಟಿಲು. ಕೋಲಿನ ಬಣ್ಣವೂ ತೊಟ್ಟಿಲಿನ ಬಣ್ಣವೂ ಒಂದೇ ಆದ್ದರಿಂದ, ಅದು ತೊಟ್ಟಿಲ ಜೊತೆಗೇ ಬಂದ ಸಾಮಾನು ಎಂದು ತಿಳಿದು ಸೊಳ್ಳೆಪರದೆ ಇಳಿಬಿಡಲು ಕಟ್ಟಿದ್ದರು. ಅವರ ತಪ್ಪೇನಿಲ್ಲ. ತಾಯಿಗೆ ವಿಷಯ ಹೇಳಿ, ಅದರ ಬದಲಿಗೆ ಪ್ಲಾಸ್ಟಿಕ್ ಪೈಪು ತಂದಿದ್ದೆ. ಕೋಲು ಬಿಚ್ಚಿದ ಕೂಡಲೇ ಕೂಸು ಕಿಟಾರನೆ ಕಿರುಚಿತು. ಪೈಪು ಕಟ್ಟಿದರೂ ಬಾಯಿ ಮುಚ್ಚಲಿಲ್ಲ. ನಾನು ಪರದೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಕಣ್ಣು ಅರಳಿಸಿ, ನಾಲಿಗೆ ಚಾಚಿದೆ. ತಟ್ಟನೆ ಸುಮ್ಮನಾಯಿತು. ಕೈ ಇಳಿಸಿದರೆ ಮತ್ತೆ ಶುರು.

ತಾಯಿ ರೊಟ್ಟಿ ಬಡಿದು ಮುಗಿಸುವ ತನಕ ನಾನು ಹಾಗೇ ನಿಂತಿದ್ದೆ. ಭುಜ ಸೆಳೆಯುತ್ತಿತ್ತು. ಆ ಸಂಕಟದಲ್ಲೂ ಒಂದು ವಿಚಾರ ಹೊಳೆಯಿತು. ಈ ಕೂಸು ಕಣ್ಣು ಬಿಟ್ಟಂದಿನಿಂದ ನೋಡಿದ್ದು ಆ ಹಸಿರು ಗೆರೆಯನ್ನು. ನಾನು ನೋಡಿದ್ದು ಮೊನ್ನೆ ಮೊನ್ನೆ. ಹಕ್ಕು ಯಾರದು?

"ಯವ್ವಾ, ಬ್ಯಾಡ ಬಿಡು. ಕೂಸು ದೊಡ್ಡದಾದ ಮ್ಯಾಲ ಒಯ್ತೀನಿ" ಎಂದೆ.

ಆಕೆ ಹಿಟ್ಟಿನ ಕೈ ಝಾಡಿಸಿ ಕೂಸಿನ ಮುಖ ನೋಡಿದಳು, ನನ್ನ ಮುಖ ನೋಡಿದಳು. "ಕಾಕಾ, ಕೋಲು ಬೇಕಾದ್ರ ಹೋಗ್ಲಿರಿ. ನೀವ ಇಲ್ಲೇ ಇರ್ರಿ."

ಕೂಸು ಓಡಾಡುವಂತಾದ ಮೇಲೆ ಕೋಲು ಬಂತು. ನನ್ನನ್ನು ಮಾತ್ರ ಈಗಲೂ ಕರೆಯುತ್ತಾರೆ.

ಕುಂದಗೋಳದಲ್ಲಿ ಕಛೇರಿ

ಈ ಕೋಲು ನಡುವೆ ತಿರುವಿದರೆ ಎರಡು ತುಂಡಾಗುತ್ತದೆ. ಮನೆಯವಳು ಹಳೆಯ ಇಳಕಲ್ ಸೀರೆಯಲ್ಲಿ ಅದಕ್ಕೊಂದು ಚೀಲ ಹೊಲಿದುಕೊಟ್ಟಿದ್ದಳು. ಗುಡಗೇರಿಯ ಕಾಳಿನ ವ್ಯಾಪಾರಿಯಿಂದ ಆರನೆಯ ಕೋಲು ಪಡೆದು ವಾಪಸು ಬರುವಾಗ ಕುಂದಗೋಳದಲ್ಲಿ ಚಹಾಕ್ಕೆ ಇಳಿದೆ. ಸಂಗೀತದ ಊರು ಅದು. ಅಲ್ಲಿ ಉದ್ದ ಚೀಲ ಹಿಡಿದವನಿಗೆ ಕುರ್ಚಿ ಸಿಗುತ್ತದೆ.

ಚಹಾದಂಗಡಿಯವರು ಎದ್ದು ನಿಂತರು. "ಬರ್ರಿ ಬರ್ರಿ, ಕುಂದರ್ರಿ. ಯಾವ ವಾದ್ಯರಿ?"

ಅಲ್ಲ ಎಂದು ಹೇಳುವಷ್ಟರಲ್ಲಿ ಏಲಕ್ಕಿ ಚಹಾ ಬಂತು. ಕುಡಿದ ಮೇಲೆ ಅಲ್ಲ ಎನ್ನುವುದು ಸರಿಯಲ್ಲ. "ಭಾಳ ಅಪರೂಪದ್ರಿ. ಏಳ ಅದಾವ, ಆರು ನನ್ನ ಹಂತೇಕ" ಎಂದೆ. ಅದು ಸುಳ್ಳಲ್ಲವಲ್ಲ.

"ಸ್ವಲ್ಪ ಕೇಳಸ್ರಲ್ಲಾ!"

ಚೀಲ ಬಿಚ್ಚಿ ತೋರಿಸಿದೆ. ಅವರು ಒಂದು ತುದಿ ಕಣ್ಣಿಗೆ ಹಿಡಿದರು, ಇನ್ನೊಂದು ತುದಿ ನೋಡಿದರು. ತೂತೇ ಇಲ್ಲ.

"ಇದನ್ನ ಊದೂದು ಎಲ್ಲಿಂದ್ರಿ?"

"ಊದೂದಲ್ರಿ, ಹೊಡಿಯೂದು."

ಅವರು ಕೋಲನ್ನು ಮೆಲ್ಲಗೆ ನನ್ನ ಮಡಿಲಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. "ಚಹಾದ ರೊಕ್ಕ ಬ್ಯಾಡ್ರಿ. ಹೋಗಿ ಬರ್ರಿ."

ಏಳನೆಯದು

ಉಳಿದ ಒಂದು ಮೇಸ್ತ್ರಿಯ ಮನೆಯಲ್ಲೇ ಇತ್ತು. ಹೋದೆ. ಪಡಸಾಲೆಯಲ್ಲಿ ಆ ಅಂಗಡಿಯವರು ಮುಚ್ಚುವಾಗ ಇವರಿಗೇ ಬಿಟ್ಟುಹೋದ ಪೂಲ್ ಮೇಜು, ಅದರ ಮೇಲೆ ಬಣ್ಣ ಹಚ್ಚಿ ಒಣಗಲು ಇಟ್ಟ ಹಳೆಯ ತೊಟ್ಟಿಲ ಕಾಲುಗಳು. ಮೇಸ್ತ್ರಿ ಕೋಲು ತಂದು ಮೇಜಿನ ಮೇಲೆ ಉರುಳಿಸಿದರು. ಒಂದಿಷ್ಟೂ ಕುಂಟದೆ, ಸದ್ದಿಲ್ಲದೆ ಆ ತುದಿ ಮುಟ್ಟಿತು. ಅವರ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು. ಇಂಥದೊಂದು ಮತ್ತೆ ಆಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಕೊಡಾಕ ಅಡ್ಡಿ ಇಲ್ರಿ," ಎಂದರು. "ಆದ್ರ ನಾ ಮಾಡಿದ ತೊಟ್ಟಿಲಾ ಅಟ್ಟಕ್ಕ ಹಾಕಿದ್ರ ನನಗ ಸೇರಂಗಿಲ್ಲ. ಕೋಲೂ ಹಂಗ. ಆಡವರಿಗೆ ಕೊಡ್ತೀನಿ. ನೀವು ಆಡ್ತೀರಿಲ್ರಿ?"

ಜೀವಮಾನದಲ್ಲಿ ಒಂದು ಗುಂಡೂ ಮುಟ್ಟಿದವನಲ್ಲ ನಾನು. ಆದರೆ ಏಳನೆಯದು ಎದುರಿಗಿದೆ! "ಏನ್ ಕೇಳ್ತೀರಿ ಮೇಸ್ತ್ರಿ! ಆರು ಕೋಲು ಇಟ್ಟಾಂವ ಆಡದ ಬಿಟ್ಟಾನೇನ್ರಿ?"

"ಚಲೋ ಆತು. ಹಂಗಾರ ನಮ್ಮ ಮನಿಯಾಕಿ ಜೋಡಿ ಒಂದ ಆಟ ಆಗ್ಲಿ. ನನಗ ಆಡಾಕ ಬರಂಗಿಲ್ರಿ. ಏಳೂ ಕೋಲು ಆಡಿ ನೋಡಿ ಪಾಸ್ ಮಾಡಿದಾಕಿ ಆಕಿ."

ಒಳಗಿನಿಂದ ಅರವತ್ತು ದಾಟಿದ ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದರು. ತೊಟ್ಟಿಲ ಕಾಲು ಸರಿಸಿ ಗುಂಡು ಜೋಡಿಸಿದರು. "ನೀವ ಶುರು ಮಾಡ್ರಿ ಅಣ್ಣಾರ."

ನಾನು ಬಲವಾಗಿ ಹೊಡೆದೆ. ಬಿಳಿ ಗುಂಡು ಮೇಜು ದಾಟಿ, ಹೊಸ್ತಿಲು ದಾಟಿ, ಅಂಗಳದಲ್ಲಿದ್ದ ಎಮ್ಮೆಯ ನೀರಿನ ಬಾನಿಯಲ್ಲಿ ಮುಳುಗಿತು. ಅಕ್ಕ ಹೋಗಿ ತೆಗೆದು ತೊಳೆದು ತಂದರು. ಆಮೇಲೆ ಅವರು ಹೊಡೆಯಲು ಶುರು ಮಾಡಿದರು. ಟಕ್. ಟಕ್. ಟಕ್. ನನಗೆ ಎರಡನೆಯ ಪಾಳಿ ಬರಲೇ ಇಲ್ಲ. ಸೋತದ್ದು ಮರೆತು ಬಾಯಿ ತೆರೆದು ನೋಡುತ್ತ ನಿಂತೆ. ಕೋಲು ಆಕೆಯ ಕೈಯಲ್ಲಿ ಉಸಿರಾಡುತ್ತಿತ್ತು. ನನ್ನ ಆರೂ ಕೋಲು ಇಷ್ಟು ದಿನ ಉಸಿರು ಕಟ್ಟಿ ಕೂತಿದ್ದವು ಎಂದು ಆಗ ಗೊತ್ತಾಯಿತು.

ಆಟ ಮುಗಿಸಿ ಆಕೆ ಕೇಳಿದರು. "ಖರೇ ಹೇಳ್ರಿ ಅಣ್ಣಾರ. ಇದನ್ನ ಒಯ್ದು ಏನ್ ಮಾಡವರಿದ್ರಿ?"

ಸುಳ್ಳು ನಾಲಿಗೆಗೆ ಬರಲಿಲ್ಲ. "ಗ್ವಾಡಿಗೆ ತೂಗ ಹಾಕ್ತಿದ್ನಿರಿ ಅಕ್ಕಾರ. ಉಳಿದ ಆರೂ ಅಲ್ಲೇ ಅದಾವ."

ಆಕೆ ಕೋಲು ಒರೆಸಿ ಮೂಲೆಗೆ ನಿಲ್ಲಿಸಿದರು.

"ಹಂಗಾರ ಮುಂದಿನ ಸಲ ಗ್ವಾಡಿನ ಕಳಸ್ರಿ. ಅದರ ಜೋಡಿ ಆಡ್ತೀನಿ. ಅದಾದ್ರೂ ಗುಂಡು ಹೊರಗ ಹೋಗದಂಗ ತಡದೀತು."