ಅತ್ತೆಯ ಕಾಣದ ರೊಕ್ಕ

ನಮ್ಮ ಸೋದರತ್ತೆ ಶಹಾಪುರದಲ್ಲೇ ಅತ್ಯಂತ ಶ್ರೀಮಂತ ಹೆಂಗಸು. ಅಲ್ಲ ಅನ್ನುವವರು ಅದನ್ನು ತೋರಿಸಿಕೊಡಲಿ ನೋಡೋಣ! ಆಗುವುದಿಲ್ಲ. ಯಾಕೆಂದರೆ ಆಕೆಯ ಹಣ ಯಾರ ಕಣ್ಣಿಗೂ ಬೀಳುವುದಿಲ್ಲ. ಬ್ಯಾಂಕಿನವರಿಗೆ ಕಾಣುವುದಿಲ್ಲ, ಪಕ್ಕದ ಮನೆಯವರಿಗೆ ಕಾಣುವುದಿಲ್ಲ, ಎಷ್ಟೋ ಸಲ ಅತ್ತೆಗೂ ಕಾಣುವುದಿಲ್ಲ. ಕನ್ನಡಕ ಏರಿಸಿ, ಫೋನನ್ನು ಬೆಳಕಿಗೆ ಹಿಡಿದು, “ಏವ್ವಾ, ಇದು ಚುಕ್ಕಿ ಆದಮ್ಯಾಲ ಎಷ್ಟು ಸೊನ್ನಿ ಅವ, ನೋಡು ಸ್ವಲ್ಪ” ಎಂದು ನನ್ನ ಕೈಗೆ ಕೊಡುತ್ತಾಳೆ.

ಇದು ಫೋನಿನೊಳಗೇ ಇರುವ ನಾಣ್ಯ, ಕ್ರಿಪ್ಟೊ ಅನ್ನುತ್ತಾರಲ್ಲ, ಅದು. ಮುಟ್ಟುವಂಥದ್ದಲ್ಲ, ಗಲ್ಲಾಪೆಟ್ಟಿಗೆಗೆ ಹಾಕುವಂಥದ್ದೂ ಅಲ್ಲ. ಇಂಥ ನಾಣ್ಯಗಳು ಬೇಕಾದಷ್ಟಿವೆಯಂತೆ. ಆದರೆ ಅತ್ತೆ ಆರಿಸಿಕೊಂಡ ಜಾತಿಯ ವಿಶೇಷವೇನೆಂದರೆ, ಯಾರು ಕೊಟ್ಟರು, ಯಾರು ಇಸಿದುಕೊಂಡರು, ಎಷ್ಟು ಎಂಬುದು ಮೂರನೆಯವರಿಗೆ ತಿಳಿಯುವುದೇ ಇಲ್ಲ.

ಅತ್ತೆಗೆ ಈ ಹುಚ್ಚು ಯಾಕೆ ಹಿಡಿಯಿತು? ಆಕೆ ಭೀಮರಾಯನಗುಡಿಯ ನೀರಾವರಿ ಕಚೇರಿಯಲ್ಲಿ ಟೈಪಿಸ್ಟಾಗಿ ಸೇರಿ, ಟೈಪು ಮಾಡುತ್ತಲೇ ನಿವೃತ್ತಳಾದವಳು. ಯಾರ ಮೇಲೆ ದೂರು ಬಂತು, ಯಾರ ಬಡ್ತಿ ತಪ್ಪಿತು, ಯಾವ ಸಾಹೇಬರು ಯಾವ ರೋಗಕ್ಕೆ ರಜೆ ಹಾಕಿದರು, ಎಲ್ಲ ಗೋಪ್ಯ ಕಾಗದಗಳೂ ಆಕೆಯ ಬೆರಳ ತುದಿಯಿಂದಲೇ ಹೊರಟದ್ದು. “ಬರದಿಟ್ಟದ್ದು ಯಾರರ ಓದೇ ಓದತಾರವ್ವಾ. ನಾನೇ ಓದೀನಲ್ಲ!” ಎನ್ನುತ್ತಾಳೆ. ವಾದಿಸುವ ತ್ರಾಣ ನನಗಿಲ್ಲ.

ಮದುವೆಯಾಗದೆ ಒಬ್ಬಳೇ ಇರುವ ಅತ್ತೆಯನ್ನು ನೋಡಲು ಪ್ರತಿ ಶನಿವಾರ ಶಾಲೆಯಲ್ಲಿ ಪಾಠ ಹೇಳಿ ಮುಗಿಸಿಕೊಂಡು ಯಾದಗಿರಿಯಿಂದ ಹೋಗುವವಳು ನಾನು. ಹಾಗಾಗಿ ಈ ನಾಣ್ಯ ಕೊಳ್ಳುವ ದಿನವೂ ಸಾಕ್ಷಿಗೆ ನಾನೇ. ಅಪ್ಲಿಕೇಶನ್ನು ಮೊದಲು ಆಧಾರ್ ಕೇಳಿತು. ಆಮೇಲೆ ಪ್ಯಾನ್ ಕಾರ್ಡ್. ಆಮೇಲೆ ಮುಖ ತೋರಿಸು ಎಂದಿತು. ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಕಣ್ಣು ಪಿಳುಕಿಸು. ಯಾರಿಗೂ ಗುರುತು ಸಿಗಬಾರದ ನಾಣ್ಯಕ್ಕಾಗಿ ಅತ್ತೆ ಅರ್ಧ ಗಂಟೆ ಗೋಣು ಹೊರಳಿಸಿದಳು. ಅಷ್ಟಾದ ಮೇಲೆ ಸಿಕ್ಕಿದ್ದು ಎಲ್ಲರಿಗೂ ಲೆಕ್ಕ ಕಾಣುವ ಮಾಮೂಲಿ ಫೋನ್ ನಾಣ್ಯ! ಅದನ್ನು ಕೊಟ್ಟು ಗುಟ್ಟಿನ ನಾಣ್ಯವನ್ನು ಬದಲಾಯಿಸಿಕೊಳ್ಳಬೇಕಂತೆ. ಅದಕ್ಕೆ ಇನ್ನೆರಡು ಶನಿವಾರ ಹೋದವು. ಅಂತೂ ಮುಗಿಯಿತು ಅಂದುಕೊಂಡೆ. ನನ್ನ ಹೈರಾಣ ಅಲ್ಲಿಂದಲೇ ಶುರುವಾಯಿತು.

ಬಸ್ ಸ್ಟ್ಯಾಂಡಿನ ಎದುರಿನ ಚಹಾ ಅಂಗಡಿಯಲ್ಲಿ ಹಣ ಬಂದ ಕೂಡಲೇ ಕೂಗಿ ಹೇಳುವ ಡಬ್ಬಿಯೊಂದಿದೆ. ಈಗ ಎಲ್ಲಿಲ್ಲ ಹೇಳಿ! ಅತ್ತೆಗೆ ಅದು ಆಗದು. “ನಾ ಚಾ ಕುಡದದ್ದು ಊರಿಗೆಲ್ಲಾ ಡಂಗುರ ಹೊಡೀಬೇಕೇನು?” ಎಂದು ಗುಟ್ಟಿನ ನಾಣ್ಯ ಮುಂದಿಟ್ಟಳು. ಅಂಗಡಿಯವನಿಗೆ ನಾಣ್ಯದ ಅಪ್ಲಿಕೇಶನ್ನನ್ನು ಇಳಿಸಿಕೊಟ್ಟದ್ದೂ ಆಕೆಯೇ. ಪಾಪ, ಒಳ್ಳೆಯವನು, ಒಪ್ಪಿದ.

“ಅಮ್ಮೋರ, ರೊಕ್ಕ ಬಂದದ್ದು ನಂಗ ಹ್ಯಾಂಗ ಗೊತ್ತಾಗಬೇಕ್ರಿ?”

“ಇಪ್ಪತ್ತು ನಿಮಿಷ ತಡಿ, ಪಕ್ಕಾ ಆಗತದ.”

“ಹಂಗಾರ ಕುಂದರ್ರಿ.”

ಕುಳಿತೆವು. ಸುಮ್ಮನೆ ಎಷ್ಟು ಹೊತ್ತು ಕೂಡುವುದು? ಅತ್ತೆ ಇನ್ನೊಂದು ಚಹಾ ಹೇಳಿದಳು. ಮೊದಲನೆಯದರ ಹಣ ಪಕ್ಕಾ ಆಗುವಷ್ಟರಲ್ಲಿ ಎರಡನೆಯದರ ಹಣ ಕಳಿಸಿದ್ದಾಯಿತು. ಮತ್ತೆ ಇಪ್ಪತ್ತು ನಿಮಿಷ. ಮೂರನೆಯ ಲೋಟ ಬಂದಾಗ ನಾನು ಮೆಲ್ಲಗೆ ಎದ್ದು ಮೂರಕ್ಕೂ ಸೇರಿಸಿ ನನ್ನ ಫೋನಿನಿಂದ ಸ್ಕ್ಯಾನ್ ಮಾಡಿದೆ. ಡಬ್ಬಿ ಊರಿಗೆಲ್ಲ ಕೇಳುವಂತೆ ಕೂಗಿತು. ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡು, ಮನೆಯವರೆಗೂ ನನ್ನಿಂದ ಹತ್ತು ಹೆಜ್ಜೆ ಮುಂದೆಯೇ ನಡೆದಳು.

ಇನ್ನು ಬಸ್ಸು. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆಧಾರ್ ತೋರಿಸಿದರೆ ಸಾಕು. ಆದರೆ ಅತ್ತೆ ತೋರಿಸಬೇಕಲ್ಲ! ಯಾದಗಿರಿಯಲ್ಲಿ ನಮ್ಮ ಮನೆಗೆ ಬಂದು ವಾಪಸ್ ಹೋಗುವಾಗ ಕಂಡಕ್ಟರನ ಕೈಗೆ ನೋಟು ಹಿಡಿದಳು.

“ಫ್ರೀ ಅದರೀ ಅಮ್ಮೋರ.”

“ನಂಗ ಬ್ಯಾಡ. ನಾ ಎಲ್ಲಿಗಿ ಹೊಂಟೀನಿ ಅಂತ ಯಾರಿಗ್ಯಾಕ ತೋರಸಲಿ? ರೊಕ್ಕ ತಗೋ, ಟಿಕೆಟ್ ಕೊಡು.”

“ಎಲ್ಲಿಗಿ ಅಂತ ಹೇಳಲಾರದ ಟಿಕೆಟ್ ಹ್ಯಾಂಗ ಹರೀಲ್ರಿ?”

ಅತ್ತೆ ಒಂದು ಗಳಿಗೆ ಯೋಚಿಸಿ ಸುರಪುರಕ್ಕೆ ಟಿಕೆಟ್ ತೆಗೆಸಿ, ಶಹಾಪುರದಲ್ಲಿ ಇಳಿದಳು. ಯಾರಾದರೂ ಬೆನ್ನು ಹತ್ತಿದ್ದರೆ ಸುರಪುರದಲ್ಲೇ ಹುಡುಕುತ್ತಾ ಕೂಡಲಿ!

ಸುರಪುರಕ್ಕೂ ಹೋಗದೆ ಬಿಟ್ಟವಳಲ್ಲ. ಅತ್ತೆಯ ನಾಣ್ಯವನ್ನು ಮನಸಾರೆ ತೆಗೆದುಕೊಳ್ಳುವ ಒಬ್ಬನೇ ಒಬ್ಬ ವ್ಯಾಪಾರಿ ಈ ಸೀಮೆಯಲ್ಲಿ ಇರುವುದು ಅಲ್ಲಿ. ಮೊಬೈಲ್ ರಿಪೇರಿಯವನು. ತಾನೂ ಹಿಂದೊಮ್ಮೆ ಇಂಥ ನಾಣ್ಯ ಕೊಂಡು, ಯಾರಿಗೆ ಕೊಡಬೇಕೆಂದು ತಿಳಿಯದೆ ಕೂತಿದ್ದವನು. ಅತ್ತೆಯನ್ನು ಕಂಡು ಅವನಿಗೆ ಹೋದ ಜೀವ ಬಂದಂತಾಯಿತಂತೆ. ಆದರೆ ಅವನಲ್ಲಿ ಕೊಳ್ಳಲು ಇರುವುದೇನು? ಫೋನಿನ ಕವರು. ಅತ್ತೆಯ ಒಂದು ಫೋನಿಗೆ ಈಗ ಹದಿನಾಲ್ಕು ಕವರುಗಳಿವೆ. ನಮ್ಮ ಬಳಗದಲ್ಲಿ ಯಾರ ಗೃಹಪ್ರವೇಶವಾದರೂ ಅತ್ತೆಯ ಉಡುಗೊರೆ ಕವರು! ಅವನೂ ತನ್ನ ನಾಣ್ಯ ಖರ್ಚು ಮಾಡಬೇಕಲ್ಲ, ಅತ್ತೆ ಮನೆಯಲ್ಲೇ ಕುಟ್ಟುವ ಶೇಂಗಾ ಹಿಂಡಿಯನ್ನು, ಅಂದರೆ ಚಟ್ನಿಪುಡಿಯನ್ನು, ಕೊಳ್ಳತೊಡಗಿದ. ಅತ್ತೆ ಕೊಟ್ಟ ನಾಣ್ಯ ಅತ್ತೆಗೇ ಬಂತು. ಒಟ್ಟಿನಲ್ಲಿ ಹಿಂಡಿ ಕೊಟ್ಟು ಕವರು ತಂದಂತಾಯಿತು. ನಮ್ಮಜ್ಜಿ ಜೋಳ ಕೊಟ್ಟು ಉಪ್ಪು ತರುತ್ತಿದ್ದಳು, ಇಂಟರ್ನೆಟ್ ಇಲ್ಲದೆ.

ಉಳಿದದ್ದಕ್ಕೆಲ್ಲ ನನ್ನ ಫೋನು. ಕಾಯಿಪಲ್ಲೆಯವಳು ಆಗುವುದಿಲ್ಲ ಎಂದರೆ ನಾನು, ಗಿರಣಿಯವನು ನಕ್ಕರೆ ನಾನು, ಅತ್ತೆ ನಶ್ಯ ಕೊಳ್ಳುವ ಅಂಗಡಿಯಲ್ಲೂ ನಾನು. ಅತ್ತೆಯ ಗುಟ್ಟೆಲ್ಲ ನನ್ನ ಖಾತೆಯಲ್ಲಿ ಬಯಲಾಗಿ ಬಿದ್ದಿತ್ತು. ಒಂದು ಶನಿವಾರ ಮನೆಗೆ ಬಂದರೆ ನನ್ನ ಗಂಡ ಬಾಗಿಲಲ್ಲೇ ಕೇಳಿದರು: “ನಶ್ಯ ಯಾವಾಗಿಂದ ಚಾಲೂ ಮಾಡಿದಿ?”

ನಗಬೇಡಿ. ನನ್ನ ಖಾತೆ ತೆರೆಸಿದವರು ಅವರು, ಅದಕ್ಕೆ ಜೋಡಿಸಿದ್ದು ಅವರ ನಂಬರು. ಹತ್ತು ರೂಪಾಯಿ ಹೋದರೂ, ಯಾವ ಅಂಗಡಿಗೆ ಎಂಬುದರ ಸಮೇತ, ಮೊದಲು ಟಿಂಗ್ ಅನ್ನುವುದು ಅವರ ಜೇಬಿನಲ್ಲಿ. ಕೆಟ್ಟವರಲ್ಲ. ಬೈಯುವುದಿಲ್ಲ, ಬೇಡ ಅನ್ನುವುದಿಲ್ಲ. ಕೇಳುತ್ತಾರೆ, ಅಷ್ಟೇ. “ಇದು ಯಾತರದು?” ನಾನು ಹೇಳುತ್ತೇನೆ. ಹತ್ತೊಂಬತ್ತು ವರ್ಷ ಹೇಳಿದ್ದೇನೆ. ದುಡಿಯುವುದಕ್ಕಿಂತ ಹೇಳುವುದೇ ದಣಿವು.

ಮುಂದಿನ ಶನಿವಾರ ಅತ್ತೆಯೊಡನೆ ಶಹಾಪುರದ ಬಜಾರಿನಲ್ಲಿ ನಡೆಯುತ್ತಿದ್ದೆ. ಒಂದು ಅಂಗಡಿಯಲ್ಲಿ ಒಂದು ವಸ್ತು ಕಂಡಿತು. ಎತ್ತಿಕೊಂಡೆ, ಬೆಲೆ ಕೇಳಿದೆ, ಸ್ವಲ್ಪ ಹೊತ್ತು ಹಿಡಿದು ನಿಂತೆ. ಫೋನು ತೆಗೆದವಳು ಮತ್ತೆ ಪರ್ಸಿಗೆ ಹಾಕಿ ಅದನ್ನು ಇದ್ದಲ್ಲೇ ಇಟ್ಟೆ.

“ಯಾಕ, ರೊಕ್ಕ ಇಲ್ಲೇನು?” ಅತ್ತೆ ಕೇಳಿದಳು.

“ರೊಕ್ಕ ಅದ, ಅತ್ತಿ.”

“ಮತ್ತ?”

“ಕೇಳತಾರ.”

ಈಗ ನಾಣ್ಯದ ಪುರಾಣ ಬಿಚ್ಚುತ್ತಾಳೆ, ಗೋಣು ಎಡಕ್ಕೆ ಬಲಕ್ಕೆ ತಿರುಗಿಸು ಎನ್ನುತ್ತಾಳೆ ಎಂದು ಕಾದೆ. ಆಕೆ ನನ್ನ ಮುಖವನ್ನೊಮ್ಮೆ ನೋಡಿ ಮುಂದೆ ನಡೆದಳು.

ಅದರ ಮುಂದಿನ ವಾರ ಹೋದಾಗ ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ ನನ್ನ ಅಂಗೈಯಲ್ಲಿ ಮಡಿಸಿದ ನೋಟುಗಳನ್ನಿಟ್ಟು ಬೆರಳು ಮುಚ್ಚಿದಳು.

“ಸುರಪುರಕ್ಕ ಹೋಗಿದ್ದೆ. ಆ ನಾಣ್ಯ ಎಲ್ಲಾ ಮೊಬೈಲ್ ರಿಪೇರಿಯವಗ ಸಿಕ್ಕಷ್ಟಕ್ಕ ಮಾರಿ ಬಂದೆ. ಇದಕ್ಕ ಮೆಸೇಜು ಬರಂಗಿಲ್ಲ, ತಗೋ.”

“ಅಯ್ಯೋ ಅತ್ತಿ! ಅಷ್ಟು ಹೈರಾಣಾಗಿ ಗಂಟು ಹಾಕಿದ್ದಿ. ನಿನ್ನ ಗುಟ್ಟು?”

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿದಳು. ಒರೆಸುತ್ತಲೇ ಇದ್ದಳು.

“ನಂದೇನು ಗುಟ್ಟು ಅದವ್ವಾ? ನಾ ಏನ್ ತಂದೆ, ಎಲ್ಲಿ ಹೋಗಿದ್ದೆ ಅಂತ ಕೇಳೋರು ಯಾರ ಅದಾರ? ಮುಚ್ಚಿಟ್ಟರ ಯಾರರ ಹುಡಕತಾರೇನೋ ಅಂತ ಇತ್ತು. ಯಾರೂ ಹುಡಕಲಿಲ್ಲ.”

ಇಷ್ಟು ವರ್ಷ ಈಕೆಯ ಹಿಂದೆ ತಿರುಗಿ ದಣಿದೆ, ದಣಿದೆ ಎಂದು ಗೊಣಗಿದ್ದೇ ಬಂತು. ಒಂದು ದಿನವಾದರೂ ಕೂತು ಕೇಳಿದ್ದೆನೇ?

ಬಜಾರಿಗೆ ಹೋಗಿ ಆ ವಸ್ತು ತಂದೆ. ಏನದು ಎಂದು ನಿಮಗೂ ಹೇಳುವುದಿಲ್ಲ. ಅತ್ತೆ ಚೀಲದ ಕಡೆ ಕಣ್ಣನ್ನೂ ಹಾಯಿಸಲಿಲ್ಲ.

ಸಂಜೆ ನನ್ನನ್ನು ಕಳಿಸಲು ಬಸ್ ಸ್ಟ್ಯಾಂಡಿಗೆ ಬಂದಳು. ಕಲ್ಲು ಬೆಂಚಿನ ಮೇಲೆ ಕೂತಾಗ ಕೇಳಿದೆ: “ಅತ್ತಿ, ಈ ವಾರ ಏನೇನ್ ತಗೊಂಡಿ? ಎಲ್ಲೆಲ್ಲಿ ಹೋಗಿದ್ದಿ?”

ಅತ್ತೆ ಚಟ್ಟನೆ ನನ್ನ ಕಡೆ ತಿರುಗಿದಳು. “ಯಾಕ? ನಿಂಗ್ಯಾಕ ಅದು?”

“ಸುಮ್ಮ, ಹೇಳು.”

ಬಸ್ಸು ಬರುವ ದಾರಿಯನ್ನೊಮ್ಮೆ ನೋಡಿದಳು. ಆಮೇಲೆ ಮಂಡಿಯ ಮೇಲೆ ಕೈಯಿಟ್ಟು ಶುರು ಮಾಡಿದಳು. ಸೋಮವಾರ ಪಾವು ಕಿಲೋ ಹೀರೀಕಾಯಿ, ಅದರಲ್ಲೊಂದು ಕಹಿ. ಮಂಗಳವಾರ ಚಪ್ಪಲಿಗೆ ಹೊಲಿಗೆ, ಅಲ್ಲೇ ಹಳೆಯ ಕಚೇರಿಯ ಜವಾನ ಸಿಕ್ಕಿದ್ದ, ಗುರುತೇ ಹಿಡಿಯಲಿಲ್ಲ. ಬುಧವಾರಕ್ಕೆ ಬರುವಷ್ಟರಲ್ಲಿ ಯಾದಗಿರಿಯ ಬಸ್ಸು ಬಂದು ನಿಂತಿತು, ತುಂಬಿತು, ಹೊರಟೂ ಹೋಯಿತು.

“ಬಸ್ ಹೋತಲ್ಲವ್ವಾ!”

“ಹೋಗಲಿ, ಅತ್ತಿ,” ಎಂದೆ. “ಬುಧವಾರ ಏನ್ ತಂದಿ?”