ಮಾವ ಕೊಡಿಸಿದ ಬೂಟು

“ಇನ್ನ ರಸ್ತಾ ಬಂದ್ ಮಾಡಾಕ ನಾ ಜೀಪ್ ಹತ್ತಿ ಬರಂಗಿಲ್ಲ. ಓಡಿಕೋಂತನ ಬರತೇನಿ!”

ನಮ್ಮ ರೈತರ ಸಭೆಯಲ್ಲಿ ನಾನು ಹೀಗೆ ಘೋಷಿಸಿದಾಗ ಚಪ್ಪಾಳೆಯೋ ಚಪ್ಪಾಳೆ. ಅರ್ಧ ಆಯುಷ್ಯ ಲಾಠಿಯ ಮುಂದೆ ಓಡಿದವನಿಗೆ ಜಮಖಂಡಿಯಿಂದ ಮುಧೋಳ ರಸ್ತೆಯ ಕ್ರಾಸು ಯಾವ ಮಹಾ?

ಆದರೆ ಆಗ ಓಡಿಸಲು ಪೊಲೀಸರಿದ್ದರು, ಈಗ ಸ್ವಂತ ಖರ್ಚಿನಲ್ಲಿ ಓಡಬೇಕು! ಅಂಗಡಿಗೆ ನುಗ್ಗಿದೆ. ಕಣ್ಣು ಕುಕ್ಕುವ ಹಳದಿ ಅಂಗಿ, ತೊಡೆಗೆ ಅಂಟುವ ಪ್ಯಾಂಟು, ಕರಿ ಕನ್ನಡಕ, ನಾಡಿ ಎಣಿಸುವ ವಾಚು, ನೀರಿನ ಬಾಟಲಿ ಸಿಕ್ಕಿಸುವ ಸೊಂಟಪಟ್ಟಿ, ಎಲ್ಲಾ ಕೊಂಡೆ. ಉಡದಾರ ಬಿಟ್ಟು ಸೊಂಟಕ್ಕೆ ಬೇರೇನೂ ಕಟ್ಟದವನು ನಾನು! ಬೂಟಿನ ಬೆಲೆ ಕೇಳಿದಾಗ ಮಾತ್ರ ಒಳಗಿನ ಹೋರಾಟಗಾರ ಎದ್ದು ನಿಂತ. ಸುಲಿಗೆ! ಮನೆಯ ಅಟ್ಟದ ಮೇಲೆ ಮದುವೆಗೆ ಮಾವ ಕೊಡಿಸಿದ ಬಿಳಿ ಕ್ಯಾನ್ವಾಸ್ ಬೂಟಿದ್ದವು. ಮೆರವಣಿಗೆಯಲ್ಲಿ ಒಮ್ಮೆ ಹಾಕಿ ತೆಗೆದಿಟ್ಟಿದ್ದೆ. ಹೊಚ್ಚ ಹೊಸವು!

ತಂಗಿಯ ಮಗಳು ಪೂನಮ್ ನಮ್ಮ ಮನೆಯಲ್ಲಿದ್ದು ಪೊಲೀಸ್ ಭರ್ತಿಗೆಂದು ದಿನಾ ಓಡುತ್ತಾಳೆ. ಬಣ್ಣಗೆಟ್ಟ ಅಂಗಿ, ತೇಪೆ ಹಾಕಿದ ಪ್ಯಾಂಟು. ಕಾಲಲ್ಲಿ ಮಾತ್ರ ದುಬಾರಿ ಬೂಟು, ಅದೂ ಹೋದ ವರ್ಷದ್ದು ಹರಿಯುವ ಮೊದಲೇ ಕೊಂಡದ್ದು! ಕುತೂಹಲ ತಡೆಯಲಾಗಲಿಲ್ಲ.

“ಮೊದಲಿನವು ಏನ್ ಪಾಪ ಮಾಡಿದ್ದವು ಬೇ?”

“ಸೋಲ್ ಸತ್ತಿತ್ರಿ ಮಾಮಾ.”

“ಬೂಟಿಗೂ ಜೀವ ಇರತೈತೇನು?”

“ಅಟ್ಟದ ಮ್ಯಾಲ ಇಟ್ಟರೂ ಸಾಯತೈತ್ರಿ. ನಿಮ್ಮವು ಒಮ್ಮೆ ಬಗ್ಗಿಸಿ ನೋಡ್ರಿ.”

“ಪೊಲೀಸರ ಮಾತು ನಾ ಯಾವತ್ತರ ಕೇಳೇನಿ?”

ಕಬ್ಬಿನ ದರಕ್ಕಾಗಿ ರಸ್ತೆ ತಡೆಯ ದಿನ ಬಂತು. ಕಾರ್ಖಾನೆಯ ಸಾಹೇಬರು ಮಾತುಕತೆಗೆ ಬರುವವರಿದ್ದರು. ಅವರಿಗಿಂತ ಮೊದಲು ನಾನು ಮುಟ್ಟದಿದ್ದರೆ ಮಾನ ಹೋಯಿತು! ನಾನೂ ಪೂನಮ್ಮಳೂ ಓಡುತ್ತಾ ಹೊರಟೆವು. ಅವಳು ಕ್ಷಣದಲ್ಲಿ ಮುಂದೆ ಹೋಗಿ ಮಾಯ. ಅರ್ಧ ದಾರಿಯಲ್ಲಿ ನನ್ನ ಎಡಗಾಲು ‘ಪಟ್’ ಎಂದಿತು. ಬೂಟಿನ ಸೋಲು ದಣಿದ ನಾಯಿಯ ನಾಲಿಗೆಯಂತೆ ಜೋತುಬಿತ್ತು. ತುಸು ಮುಂದೆ ಬಲಗಾಲೂ ಬೆಂಬಲ ಘೋಷಿಸಿತು! ಒಂದಕ್ಕೆ ಸೊಂಟಪಟ್ಟಿ ಬಿಗಿದೆ, ಇನ್ನೊಂದಕ್ಕೆ ಹೆಗಲ ಮೇಲಿನ ಹಸಿರು ಶಾಲು. ಕುಂಟುತ್ತಾ ಕ್ರಾಸು ಮುಟ್ಟಿದೆ.

ಟ್ರ್ಯಾಕ್ಟರಿನ ಮೇಲೆ ನಿಂತಿದ್ದ ಹಳೆಯ ಸಂಗಾತಿ ಲಗಮಣ್ಣ ಹಳದಿ ಅಂಗಿ, ಕರಿ ಕನ್ನಡಕದಲ್ಲಿ ನನ್ನ ಗುರುತು ಸಿಗದೆ ಅರಚಿದ.

“ಬಂದಾ ನೋಡ್ರೋ ಕಾರ್ಖಾನಿ ಸಾಹೇಬ! ರೈತರ ಶಾಲು ಕಾಲಿಗೆ ಸುತಗೊಂಡು ಬಂದಾನ!”

ಮುತ್ತಿಗೆ! ನಾನೇ ಕಲಿಸಿದ ಮುತ್ತಿಗೆ, ನಾನೇ ಕಲಿಸಿದ ಧಿಕ್ಕಾರ! “ಲೇ ಲಗಮಾ, ನಾನಲೇ!” ಎಂದದ್ದು ನನಗೇ ಕೇಳಿಸಲಿಲ್ಲ.

ಆಗ ಹೆಂಗಸರ ಸಾಲಿನಿಂದ ನನ್ನ ಹೆಂಡತಿ ಸಿದ್ದಕ್ಕ ಎದ್ದಳು. ಮುಖ ನೋಡಲಿಲ್ಲ, ಕಾಲು ನೋಡಿದಳು.

“ತಡೀರೆಪ್ಪೋ! ಬೂಟು ನಮ್ಮಪ್ಪನವು. ಅಂದ ಮ್ಯಾಲ ಒಳಗಿನ ಕಾಲು ನಮ್ಮ ಮನಿಯವರದು!”

ಗದ್ದಲ ನಿಂತಿತು. ಕನ್ನಡಕ ತೆಗೆದೆ.

“ಏನ್ರಿ ಇದು? ಮಂದಿ ನೋಡೋದಕ್ಕೆಲ್ಲಾ ರೊಕ್ಕಾ ಸುರದ್ರಿ, ಓಡೋದಕ್ಕ ನಮ್ಮಪ್ಪನ್ನ ಹಿಡದ್ರಿ?”

ಅಷ್ಟರಲ್ಲಿ ನಿಜವಾದ ಸಾಹೇಬರ ಕಾರು ಬಂತು. ಉಳಿದ ಚೂರು ಮಾನವನ್ನಾದರೂ ಕಾಪಾಡಬೇಕು! ಬೂಟು ಕಿತ್ತೆಸೆದು ಬರಿಗಾಲಲ್ಲೇ ಟ್ರ್ಯಾಕ್ಟರ್ ಹತ್ತಿ, ಮುಷ್ಟಿ ಎತ್ತಿ ಗುಡುಗಿದೆ.

“ಬೇಕೇ ಬೇಕು!”

‘ನ್ಯಾಯ ಬೇಕು’ ಎನ್ನಬೇಕಿದ್ದ ಜನ ಒಂದೇ ಗಂಟಲಿನಿಂದ ಕೂಗಿತು.

“ಬೂಟು ಬೇಕು!”